ಶಾಲು ಹೊದ್ದ ಲ್ಯಾಪ್‌ಟಾಪ್

ನಾನು ಒಣಮೀನು ತರುವುದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ. ಕಪ್ಪು ಬಣ್ಣದ್ದು, ಒಳಗೆ ದಪ್ಪ ಸ್ಪಂಜಿನ ಗೋಡೆ, ಹೆಗಲಿಗೆ ಅಗಲದ ಪಟ್ಟಿ, ಹೊರಗಡೆ ಪೆನ್ನು ಸಿಕ್ಕಿಸಲು ಸಣ್ಣ ಸಣ್ಣ ಗೂಡುಗಳು. ಆ ಗೂಡುಗಳಲ್ಲಿ ಈಗ ಹಸಿಮೆಣಸು ಕೂರುತ್ತದೆ. ಮೊನ್ನೆ ಮೆಲ್ಕಾರಿನಲ್ಲಿ ಮೀನಿನ ಹೆಂಗಸು, "ಅಮ್ಮ, ನಿಮ್ಮ ಕಂಪ್ಯೂಟರಿಗೆ ಬಂಗುಡೆ ಎಷ್ಟು ಹಾಕ್ಲಿ?" ಎಂದು ಕೇಳಿದಳು. ಅರ್ಧ ಕಿಲೋ ಸಾಕು, ಜಾಸ್ತಿಯಾದರೆ ಹ್ಯಾಂಗ್ ಆಗುತ್ತದೆ ಎಂದೆ.

ಈ ಬ್ಯಾಗು ನಾವು ದುಡ್ಡು ಕೊಟ್ಟು ತಂದದ್ದಲ್ಲ, ಲ್ಯಾಪ್‌ಟಾಪ್ ಜೊತೆ ಪುಕ್ಕಟೆ ಬಂದದ್ದು. ಇದಕ್ಕೆ ವಾರಂಟಿ ಇರಲಿಲ್ಲ. ವಾರಂಟಿ ಇದ್ದದ್ದು ಲ್ಯಾಪ್‌ಟಾಪಿಗೆ. ವಾರಂಟಿ ಇದ್ದದ್ದು ಯಾವತ್ತೋ ಮಣ್ಣು ಸೇರಿತು, ಇಲ್ಲದ್ದು ಇನ್ನೂ ಮೀನು ಹೊರುತ್ತಿದೆ. ಮನುಷ್ಯರಲ್ಲೂ ಹೀಗೆಯೇ. ನನ್ನ ಮದುವೆಯ ಮಾತುಕತೆಯಲ್ಲಿ "ಹುಡುಗಿ ಬಹಳ ಸಣಕಲು, ಬಾಳಿಕೆ ಬರುವುದು ಸಂಶಯ" ಎಂದು ರಾಗ ಎಳೆದ ಗಂಡನ ಸೋದರತ್ತೆ ಹೋಗಿ ಎಷ್ಟೋ ಮಳೆಗಾಲ ಕಳೆಯಿತು. ಸಣಕಲು ಹುಡುಗಿ ಇಲ್ಲಿ ಪಾಣೆಮಂಗಳೂರಿನ ಜಗಲಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಫೋನ್ ಕುಟ್ಟಿ ನಿಮಗೆ ಕತೆ ಹೇಳುತ್ತಿದ್ದಾಳೆ. ಟೈಪ್ ಮಾಡಲು ಕಲಿಸಿದವಳು ಮೊಮ್ಮಗಳು. ನಾನು ಎರಡು ಅಕ್ಷರ ಒತ್ತುವಷ್ಟರಲ್ಲಿ ಉಳಿದ ಮಾತನ್ನು ಫೋನು ತಾನೇ ಹೇಳಲು ಬಾಯಿ ಹಾಕುತ್ತದೆ. ನನ್ನ ಗಂಡನಿಗೂ ಅದೇ ಚಾಳಿ ಇತ್ತು. ಅವರಿಗೆ ಮಾಡಿದ ಹಾಗೆ ಇದಕ್ಕೂ ಮಾಡುತ್ತೇನೆ, ಕೇಳಿಯೂ ಕೇಳದ ಹಾಗೆ ಮುಂದೆ ಹೋಗುತ್ತೇನೆ.

ಲ್ಯಾಪ್‌ಟಾಪಿನ ಕತೆ ಹೇಳಬೇಕಾದರೆ ನನ್ನ ಮದುವೆಯ ಆಲ್ಬಮ್ಮಿನಿಂದ ಶುರು ಮಾಡಬೇಕು. ಕಪ್ಪು ಬಿಳುಪಿನ ಆಲ್ಬಮ್ಮು ಅದು. ಅದರಲ್ಲಿ ಮದುಮಗ ಇದ್ದಾರೆ, ಅವರ ಕೊರಳಲ್ಲಿ ಮೊಣಕಾಲಿನ ತನಕ ಇಳಿದ ಹಾರ ಇದೆ, ಬಾಡಿಗೆಯ ಕಾರು ಇದೆ, ಕಾರು ತನ್ನದೇ ಎಂಬ ಹಾಗೆ ಒರಗಿ ನಿಂತ ಡ್ರೈವರ್ ಇದ್ದಾನೆ, ಬಿರಿಯಾನಿಯ ಹಂಡೆ ಇದೆ. ಹಂಡೆಗೆ ಹೋಗುವ ಮೊದಲಿನ ಆಡು ಕೂಡ ಒಂದು ಮೂಲೆಯಲ್ಲಿ ಹಲಸಿನ ಸೊಪ್ಪು ತಿನ್ನುತ್ತಾ ನೆಟ್ಟಗೆ ಕ್ಯಾಮೆರಾ ನೋಡಿದೆ. ಇಲ್ಲದವಳು ನಾನೊಬ್ಬಳು. ಫೋಟೋದವರು ಗಂಡಸರು, ಮದುಮಗಳು ಇರುವುದು ಒಳಗೆ. ಮಗಳು ಜೊಹರಾ ಸಣ್ಣವಳಿದ್ದಾಗ ಆ ಆಲ್ಬಮ್ಮನ್ನು ಮಡಿಲಲ್ಲಿಟ್ಟುಕೊಂಡು, "ಉಮ್ಮಾ, ನೀವೆಲ್ಲಿ?" ಎಂದು ಕೇಳುತ್ತಿದ್ದಳು. ಒಂದು ಪಟದಲ್ಲಿ ಮದುಮಗನ ಹಿಂದೆ ಬಾಗಿಲಿನ ಪರದೆ ಕಾಣುತ್ತದೆ. ಅದಕ್ಕೆ ಬೆರಳಿಟ್ಟು, ಇದರ ಹಿಂದೆ, ಎಂದು ತೋರಿಸುತ್ತಿದ್ದೆ. ಅವಳು ಪಟವನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು.

ಹಾಗೆ ಹಿಂಬದಿ ನೋಡಿದ ಹುಡುಗಿಗೆ ದೊಡ್ಡವಳಾದ ಮೇಲೆ ಫೋಟೋದ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ. ತೊಂಬತ್ತರ ಆ ವರ್ಷಗಳಲ್ಲಿ ರೀಲಿನ ಕ್ಯಾಮೆರಾ ಹಿಡಿದುಕೊಂಡು ನೆಂಟರ ಮನೆಗಳಿಗೆ ಹೋದಳು. ಆದರೆ ರೀಲು ತೊಳೆಯಲು ಸ್ಟುಡಿಯೋಕ್ಕೆ ಕೊಡಬೇಕು, ಸ್ಟುಡಿಯೋದಲ್ಲಿ ಗಂಡಸರು. ಹೆಂಗಸರು ಕ್ಯಾಮೆರಾ ಕಂಡ ಕೂಡಲೇ ಅಡಿಗೆ ಕೋಣೆ ಹೊಕ್ಕರು. ಡಿಜಿಟಲ್ ಬಂದ ಮೇಲೆ ಅವಳ ಭಾಗ್ಯ ತೆರೆಯಿತು. ರೀಲಿಲ್ಲ, ತೊಳೆಯುವುದಿಲ್ಲ. ತೆಗೆದದ್ದನ್ನು ಮನೆಯಲ್ಲೇ ಕಂಪ್ಯೂಟರಿಗೆ ಹಾಕಿ, ಅಂದ ಮಾಡಿ, ಮನೆಯಲ್ಲೇ ಸಣ್ಣ ಪ್ರಿಂಟರಿನಲ್ಲಿ ತೆಗೆದು ಅಂಟಿಸಿ ಕೊಟ್ಟರಾಯಿತು. ಬಿ.ಸಿ. ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಅಳಿಯ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಮದುವೆಯ ಒಳಕೋಣೆಯ ಪಟ ಹೆಂಗಸೇ ತೆಗೆಯುತ್ತಾಳೆ, ಹೆಂಗಸೇ ಅಂಟಿಸುತ್ತಾಳೆ, ಗಂಡಸಿನ ಕಣ್ಣು ಬೀಳುವುದಿಲ್ಲ ಎಂಬ ಮಾತು ಹಬ್ಬಿದ್ದೇ ಜೊಹರಾಳಿಗೆ ಪುರಸೊತ್ತಿಲ್ಲದ ಹಾಗಾಯಿತು. ಅವಳ ಕಸುಬು ನಿಂತದ್ದು ಆ ಒಂದು ಮಾತಿನ ಮೇಲೆ. ಒಂದೇ ಒಂದು ಪಟ ಹೊರಗೆ ಹೋಯಿತೆಂದು ಸುದ್ದಿಯಾದರೆ ಪಾಣೆಮಂಗಳೂರಿನಿಂದ ಬೆಳ್ತಂಗಡಿಯ ತನಕ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯುತ್ತಿರಲಿಲ್ಲ.

ಲ್ಯಾಪ್‌ಟಾಪ್ ಬಂದ ಹೊಸದರಲ್ಲೇ ಅದರ ಸಿಡಿ ಇಡುವ ತಟ್ಟೆ ಕೆಟ್ಟಿತು. ದೂಡಿದರೆ ಒಳಗೆ ಹೋಗುವುದು, ನಾವು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ನಾಲಗೆ ಚಾಚುವುದು. ಶಾಲೆಯಲ್ಲಿ ನನ್ನ ಬೆಂಚಿನಲ್ಲಿದ್ದ ಅವ್ವಮ್ಮ ಮಾಸ್ತರರಿಗೆ ಹೀಗೆಯೇ ಮಾಡುತ್ತಿದ್ದಳು. ಪಟಗಳನ್ನು ಸಿಡಿಯಲ್ಲಿ ಬರೆದಿಡುವ ದಾರಿ ಮುಚ್ಚಿ ಎಲ್ಲವೂ ಯಂತ್ರದ ಹೊಟ್ಟೆಯೊಳಗೇ ಉಳಿದವು. ವಾರಂಟಿ ಇದೆ, ಮೂಡುಬಿದಿರೆಯ ಸರ್ವಿಸ್ ಸೆಂಟರಿನಲ್ಲಿ ಕೊಟ್ಟು ಬಂದರೆ ವಾರದಲ್ಲಿ ಸರಿಮಾಡಿ ಕೊಡುತ್ತಾರೆ ಎಂದು ಅಳಿಯ ಹೇಳಿದ.

"ಕೊಟ್ಟು ಬರುವುದಾ?" ಜೊಹರಾ ಬೆಚ್ಚಿಬಿದ್ದಳು. "ಅದರೊಳಗೆ ಹೆಂಗಸರು ಇದ್ದಾರೆ."

ಅಳಿಯ ತಲೆ ಕೆರೆದುಕೊಂಡ. ದೂರದ ಪ್ರಯಾಣಕ್ಕೆ ಹೆಂಗಸು ಹೊರಟರೆ ಮನೆಯವರೊಬ್ಬರು ಜೊತೆಗೆ ಹೋಗುವುದು ನಮ್ಮಲ್ಲಿ ರೂಢಿ. ಲ್ಯಾಪ್‌ಟಾಪಿಗೂ ಒಂದು ಜೊತೆ ಬೇಕಿತ್ತು. ಜೊಹರಾಳ ಮಕ್ಕಳಿಗೆ ಶಾಲೆ, ಅವಳಿಗೆ ಮದುವೆಗಳು. ನನಗೆ ಬಸ್ಸೆಂದರೆ ಮೊದಲಿನಿಂದಲೂ ಪ್ರಾಣ. ನಾನೇ ಹೊರಟೆ.

ಬಿ.ಸಿ. ರೋಡಿನಲ್ಲಿ ಹತ್ತಿ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸು. ಬುರ್ಖಾದ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಮುದುಕಿಯನ್ನು ಬಸ್ಸಿಡೀ ನೋಡಿತು. ಪಕ್ಕದ ಹೆಂಗಸು ತಡೆಯಲಾರದೆ, ನೀವು ಇನ್ಸೂರೆನ್ಸಿನವರಾ ಎಂದು ತುಳುವಿನಲ್ಲಿ ಕೇಳಿದಳು. ಹೌದೆಂದೆ. ಸಿದ್ಧಕಟ್ಟೆ ಬರುವಷ್ಟರಲ್ಲಿ ಅವಳ ಗಂಡನ ಸಕ್ಕರೆ ಕಾಯಿಲೆ, ಮೈದುನನ ಜಗಳ, ಹಸುವಿನ ಕೆಚ್ಚಲು ಬಾವು ಎಲ್ಲ ಹೇಳಿ ಮುಗಿಸಿ, ಇದರಲ್ಲಿ ಯಾವುದಕ್ಕೆ ಇನ್ಸೂರೆನ್ಸ್ ಮಾಡಿಸುವುದು ಒಳ್ಳೆಯದು ಎಂದು ಸಲಹೆ ಕೇಳಿದಳು. ಹಸುವಿಗೆ ಎಂದೆ. ಇವತ್ತಿಗೂ ನನಗೆ ಅದು ಸರಿಯಾದ ಸಲಹೆ ಎಂದೇ ಅನ್ನಿಸುತ್ತದೆ.

ಸರ್ವಿಸ್ ಸೆಂಟರ್ ಎಂದರೆ ಎದುರಿಗೆ ಒಂದು ಗಾಜಿನ ಮೇಜು, ಮೇಜಿನ ಹಿಂದೆ ಮ್ಯಾನೇಜರ್ ಪ್ರಭುಗಳು, ಪ್ರಭುಗಳ ಹಿಂದೆ ಹೂವಿನ ಚಿತ್ರದ ಹಸಿರು ಪರದೆ. ರಿಪೇರಿ ನಡೆಯುವುದು ಆ ಪರದೆಯ ಹಿಂದೆ. ನನಗೆ ನಗು ಬಂತು. ಹುಟ್ಟಿದಂದಿನಿಂದ ಪರದೆಯ ಒಳಗಿನವಳು ನಾನು. ಇಲ್ಲಿ ಗಂಡಸರು ಒಳಗೆ, ನಾನು ಹೊರಗೆ. ಒಳಗಿನ ಮೆಕ್ಯಾನಿಕ್ಕಿನ ಹೆಸರು ವಿಠಲ. ನಲವತ್ತರ ಆಸುಪಾಸಿನ, ದಪ್ಪ ಮೀಸೆಯ, ಮಾತಿಗಿಂತ ಮೊದಲು ಕೆಮ್ಮುವ ಮನುಷ್ಯ.

"ಅಮ್ಮ, ನೀವು ಅಲ್ಲಿ ಕುರ್ಚಿಯಲ್ಲಿ ಕೂತ್ಕೊಳ್ಳಿ. ಒಳಗೆ ಕಸ್ಟಮರ್ ಬರ್ಲಿಕ್ಕಿಲ್ಲ" ಎಂದ.

"ನೀನು ಎಷ್ಟು ಬೇಕಾದರೂ ರಿಪೇರಿ ಮಾಡು ಮಾರಾಯ. ಇದು ಹೋದಲ್ಲಿಗೆ ನಾನೂ ಬರ್ತೇನೆ."

ಪ್ರಭುಗಳು ರೂಲ್ಸ್ ಹೇಳಿದರು. ನಾನು ಲ್ಯಾಪ್‌ಟಾಪಿನೊಳಗೆ ಏನಿದೆ ಎಂದು ಹೇಳಿದೆ. ನಮ್ಮ ಹೆಣ್ಣುಮಕ್ಕಳ ಮದರಂಗಿ, ಅಲಂಕಾರ, ತಲೆಯ ಮೇಲೆ ಬಟ್ಟೆಯಿಲ್ಲದೆ ಹಾಡಿ ಕುಣಿದದ್ದು. ನೀವು ನೋಡುವವರು ಎಂದು ಹೇಳುತ್ತಿಲ್ಲ, ಆದರೆ ನಾವು ಮಾತು ಕೊಟ್ಟಿದ್ದೇವೆ ಎಂದೆ. ಪ್ರಭುಗಳಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಒಳಗೆ ಒಂದು ಸ್ಟೂಲ್ ಹಾಕಿಸಿದರು.

ವಿಠಲ ಸ್ವಿಚ್ ಒತ್ತಿದ. ಪೂರ್ತಿ ಸ್ಕ್ರೀನಿನ ತುಂಬ ಮಾಣಿ ಊರಿನ ಒಬ್ಬಳು ಮದುಮಗಳು ನಗುತ್ತಾ ಎದ್ದು ಬಂದಳು. ಜೊಹರಾ ಚಂದ ಬಂದ ಪಟವನ್ನು ಹಾಗೆ ಇಟ್ಟಿದ್ದಳು. ನಾನು ಹೆಗಲಿನ ಶಾಲನ್ನು ಎಳೆದು ಲ್ಯಾಪ್‌ಟಾಪಿನ ಮೇಲೆ ಹೊದೆಸಿಬಿಟ್ಟೆ. ವಿಠಲ ಕಣ್ಣು ಮುಚ್ಚಿಕೊಂಡು ನಿಂತಿದ್ದ, ಪಾಪ.

"ಇನ್ನು ನಾನು ರಿಪೇರಿ ಮಾಡುವುದು ಹೇಗೆ ಅಮ್ಮ?"

"ನೀನು ಹೊರಗಿನಿಂದ ಹೇಳು. ನಾನು ಒಳಗಿನಿಂದ ನೋಡ್ತೇನೆ."

ಹಳೆಯ ಸ್ಟುಡಿಯೋದವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ ಹಾಗೆ ನಾನು ಶಾಲಿನೊಳಗೆ ತಲೆ ಹಾಕಿದೆ. ಶಾಲೆಯಲ್ಲಿ ಕಲಿತ ಎ ಬಿ ಸಿ ಡಿ ಅಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು. ಎಂತ ಬರೆದಿದೆ ಎಂದು ಅವನು ಕೇಳುತ್ತಿದ್ದ. ನಾನು ಡಿ, ಆರ್, ಐ, ವಿ, ಇ, ಆಮೇಲೆ ಜಾಗ ಖಾಲಿ, ಆಮೇಲೆ ಎನ್, ಓ, ಟಿ ಎಂದು ಒಂದೊಂದೇ ಅಕ್ಷರ ಹೆಕ್ಕಿ ಹೊರಗೆ ಕೊಡುತ್ತಿದ್ದೆ. ಅವನು ಹ್ಞಾಂ ಹ್ಞಾಂ ಎಂದು ಮುಂದಿನ ಗುಂಡಿ ಹೇಳುತ್ತಿದ್ದ. ಸೆಕೆಗೆ ಶಾಲಿನೊಳಗೆ ಬೆಂದುಹೋಗುತ್ತಿದ್ದೆ, ಆದರೂ ಖುಷಿಯೋ ಖುಷಿ.

ಯಾಕೆಂದರೆ ಈ ಕೆಲಸ ನನಗೆ ಹೊಸದಲ್ಲ. ನಾನು ಸಣ್ಣವಳಿದ್ದಾಗ ನಮ್ಮ ಅಜ್ಜಿಗೆ ಜ್ವರ ಬಂದರೆ ಬಂಟ್ವಾಳ ಪೇಟೆಯಿಂದ ಡಾಕ್ಟರು ಸೈಕಲ್ಲಿನಲ್ಲಿ ಬರುತ್ತಿದ್ದರು. ಬಾಗಿಲಿಗೆ ಹೊದಿಕೆ ಕಟ್ಟಿ ಅಜ್ಜಿ ಆಚೆ, ಡಾಕ್ಟರು ಈಚೆ. ಅಜ್ಜಿಯ ಕೈ ಮಾತ್ರ ಹೊರಗೆ ಬರುತ್ತಿತ್ತು. ಅವರು ನಾಡಿ ಹಿಡಿದು ಪ್ರಶ್ನೆ ಕೇಳುವುದು, ನಾನು ಹೊದಿಕೆಯ ಅಡಿಯಲ್ಲಿ ನುಸುಳಿ ಆಚೆ ಮುಟ್ಟಿಸುವುದು, ಉತ್ತರ ಹಿಡಿದುಕೊಂಡು ಮತ್ತೆ ಈಚೆ ನುಸುಳುವುದು. ಅಜ್ಜಿಯ ಬಾಯಿ ಸುಮ್ಮನಿರುವ ಬಾಯಲ್ಲ. ಹೊಟ್ಟೆ ಉರಿಯುತ್ತದಾ ಎಂದು ಅವರು ಕೇಳಿದರೆ, ಇವನ ಕೈ ಮಂಜುಗಡ್ಡೆಯಲ್ಲಿಟ್ಟ ಬಂಗುಡೆಯ ಹಾಗೆ ಉಂಟು, ಇವನಿಗೆ ಹೆಣ್ಣು ಕೊಟ್ಟವರು ಯಾರು ಎಂದು ಅಜ್ಜಿ ಕೇಳುತ್ತಿದ್ದಳು. ನಾನು ಈಚೆ ಬಂದು, ಉರಿ ಸ್ವಲ್ಪ ಕಮ್ಮಿ ಇದೆಯಂತೆ ಎನ್ನುತ್ತಿದ್ದೆ. ಹೊದಿಕೆಯ ಆಚೆ ಅಜ್ಜಿ ನಗುವುದು ಕೇಳಿಸಿ ಡಾಕ್ಟರು, ಗುಣವಾಗುವ ಲಕ್ಷಣ ಎಂದು ಹೇಳಿ ಹೋಗುತ್ತಿದ್ದರು. ಗುಣವೂ ಆಗುತ್ತಿತ್ತು.

ಸಿಡಿಯ ತಟ್ಟೆ ಬದಲಾಯಿತು. ಹೊಸ ತಟ್ಟೆ ನಾಲಗೆ ಚಾಚುವುದನ್ನು ನಿಲ್ಲಿಸಿತು, ಆದರೆ ಬರೆಯುವುದನ್ನು ಕಲಿಯಲಿಲ್ಲ. ಅದಕ್ಕೆ ಮತ್ತೊಮ್ಮೆ ಹೋಗುವ ಮೊದಲೇ ಸ್ಕ್ರೀನಿನಲ್ಲಿ ಉದ್ದಕ್ಕೆ ಗೆರೆಗಳು ಮೂಡಿದವು. ಮದುಮಗಳಂದಿರೆಲ್ಲ ಕಿಟಕಿಯ ಸರಳಿನ ಹಿಂದೆ ಕೂತ ಹಾಗೆ ಕಂಡರು. ಸ್ಕ್ರೀನ್ ಬದಲಾಗಿ ಬಂದು ಇನ್ನೇನು ನೆಮ್ಮದಿ ಎನ್ನುವಾಗ ಒಂದು ಬೆಳಿಗ್ಗೆ ಯಂತ್ರವೇ ಏಳಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದ ವಿಠಲ. ಇದರೊಳಗೂ ಒಬ್ಬಳು ತಾಯಿ ಇದ್ದಾಳೆಂದು ನನಗೆ ಗೊತ್ತಾದದ್ದು ಆವತ್ತು. ಪ್ರತಿ ಸಲವೂ ನಾನು, ಬ್ಯಾಗು, ಸಿದ್ಧಕಟ್ಟೆಯ ಬಸ್ಸು, ಶಾಲು. ಹೋಗುವಾಗ ಕಲ್ತಪ್ಪ ಮಾಡಿಕೊಂಡು ಹೋಗುತ್ತಿದ್ದೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಮೇಲೆ ಹುರಿದ ಈರುಳ್ಳಿ ಹಾಕಿ ಕೆಂಡದಲ್ಲಿ ಬೇಯಿಸುವ ನಮ್ಮ ಕಡೆಯ ಸಿಹಿ. ವಿಠಲ ಒಂದು ತುಂಡು ಕೈಯಲ್ಲಿ, ಒಂದು ಟಿಫಿನ್ ಡಬ್ಬಿಯಲ್ಲಿ ಎಂದು ಲೆಕ್ಕ ಇಟ್ಟುಕೊಂಡ. ಪ್ರಭುಗಳು ಈರುಳ್ಳಿ ತಿನ್ನದವರು. ಒಂದೊಂದೇ ಚೂರು ಹೆಕ್ಕಿ ಕಾಗದದ ಅಂಚಿನಲ್ಲಿ ಸಾಲಾಗಿಟ್ಟು ಉಳಿದದ್ದನ್ನು ತಿಂದು, ನಿಮ್ಮ ಲ್ಯಾಪ್‌ಟಾಪ್ ಯಾವಾಗ ಹಾಳಾಗುತ್ತದೆ ಎಂದು ಕಾಯುವ ಹಾಗಾಗಿದೆ ಎಂದರು.

ಇದರ ನಡುವೆ ಬೆಳ್ತಂಗಡಿಯ ಐಸಮ್ಮನ ಮೊಮ್ಮಗಳ ಮದುವೆಯ ಪಟದ ಕೆಲಸ ಬಂತು, ಜೊಹರಾಳ ಜೊತೆ ನಾನೂ ಹೋದೆ. ಐಸಮ್ಮ ನನಗಿಂತ ಬಹಳ ಹಿರಿಯರು. ಕೈಯಲ್ಲಿ ಕೋಲು, ಬಾಯಲ್ಲಿ ಎಲೆಯಡಿಕೆ. ಅವರು ಒಂದು ಸಲ ಕೆಮ್ಮಿದರೆ ಮನೆಯ ಗಂಡುಮಕ್ಕಳೆಲ್ಲ ಅಂಗಳಕ್ಕೆ ಇಳಿಯುತ್ತಿದ್ದರು. ಕ್ಯಾಮೆರಾ ಒಳಗೆ ಬರುವ ಮೊದಲು ಅವರು ಜೊಹರಾಳನ್ನು ಎದುರು ಕೂರಿಸಿ, ಗಂಡಸಿನ ಕಣ್ಣು ಬೀಳುವುದಿಲ್ಲವೆಂದು ಬಾಯಿಬಿಟ್ಟು ಹೇಳಿಸಿದರು. ಕಂಪ್ಯೂಟರಿನ ಒಳಗೆ ಕೂತು ಪಟ ಸರಿಮಾಡುವ ಗಂಡಸು ಯಾರಾದರೂ ಇದ್ದಾನಾ ಎಂದೂ ಕೇಳಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಬಾಗಿಲ ಪರದೆ ಎಳೆಸಿ, ಕೋಲು ಮೂಲೆಗೆ ಒರಗಿಸಿ, ಹೆಂಗಸರ ನಡುವೆ ನಿಂತರು. ಮದರಂಗಿಯ ಹಾಡಿಗೆ ಕೈ ತಟ್ಟುತ್ತಾ ಸುತ್ತು ಬರುವ ಕುಣಿತ ನಮ್ಮದು. ಐಸಮ್ಮ ನನ್ನ ಕೈ ಹಿಡಿದು ಒಳಗೆಳೆದರು. ಆ ವಯಸ್ಸಿನಲ್ಲಿ ಅವರ ಪಾದ ನೆಲಕ್ಕೆ ತಾಗುತ್ತಿರಲಿಲ್ಲ ಎಂದರೆ ನಂಬಿ. ನಾನೂ ಕಮ್ಮಿಯಲ್ಲ, ಆದರೆ ನನ್ನ ಪಾದ ತಾಗುತ್ತಿತ್ತು. ಜೊಹರಾ ಆ ಕುಣಿತವನ್ನು ಕ್ಯಾಮೆರಾದಲ್ಲಿ ಸಣ್ಣ ವಿಡಿಯೋ ಮಾಡಿಟ್ಟುಕೊಂಡಳು. ಜೀವಮಾನದಲ್ಲಿ ತಮ್ಮ ಒಂದು ಪಟ ಕೂಡ ನೋಡಿರದ ಐಸಮ್ಮ, ಆಲ್ಬಮ್ಮು ತರುವಾಗ ಅದನ್ನೂ ತೋರಿಸಬೇಕೆಂದು ಅವಳ ಕಿವಿಯಲ್ಲಿ ಹೇಳಿದರಂತೆ.

ಆಲ್ಬಮ್ಮು ಅರ್ಧವಾಗುವಾಗ ಲ್ಯಾಪ್‌ಟಾಪ್ ಒಳಗಿನಿಂದ ಟಿಕ್ ಟಿಕ್ ಎನ್ನತೊಡಗಿತು. ಹಲ್ಲಿ ಶಕುನ ಹೇಳಿದ ಹಾಗೆ. ಈ ಸಲ ಜೊಹರಾಳೂ ನನ್ನ ಜೊತೆ ಬಂದಳು. ವಿಠಲ ಕಿವಿಯಿಟ್ಟು ಕೇಳಿ ಮುಖ ಸಣ್ಣ ಮಾಡಿದ. ಪಟಗಳೆಲ್ಲ ಇರುವ ಹಾರ್ಡ್ ಡಿಸ್ಕ್ ಸಾಯುತ್ತಿದೆ, ಪೂರ್ತಿ ನಿಲ್ಲುವ ಮೊದಲು ಹೊಸ ಡಿಸ್ಕಿಗೆ ತುಂಬಿಸಿಬಿಡುವ ಎಂದ. ಎರಡು ಡಿಸ್ಕುಗಳ ನಡುವೆ ವೈರು ಕಟ್ಟಿ ಶಾಲು ಹೊದೆಸಿದೆವು. ಸಂಜೆಯ ತನಕ ತುಂಬಿತು. ಜೊಹರಾ ಶಾಲಿನೊಳಗೆ ತಲೆ ಹಾಕಿ ಒಂದೊಂದೇ ಪಟ ತೆರೆದು ನೋಡಿ, ಮದುಮಗಳು ಇದ್ದಾಳೆ, ಅವಳ ಉಮ್ಮ ಇದ್ದಾರೆ, ಎಲ್ಲರೂ ಬಂದಿದ್ದಾರೆ ಎಂದು ಹೇಳುವಾಗ ನಾನು ಸೀದಾ ಕಲ್ತಪ್ಪದ ಡಬ್ಬಿಗೆ ಕೈ ಹಾಕಿದೆ.

ಆಗ ಪ್ರಭುಗಳು ಹೊಸ ವಿಷಯ ಹೇಳಿದರು. ಹೊಸ ಡಿಸ್ಕು ವಾರಂಟಿಯಲ್ಲಿ ಸಿಗಬೇಕಾದರೆ ಹಳೆಯದನ್ನು ಕಂಪನಿಗೆ ವಾಪಸು ಕಳಿಸಬೇಕು. ನಾಳೆ ಸಂಜೆ ಕೊರಿಯರಿನವನು ಬರುತ್ತಾನೆ.

ಜೊಹರಾ ಮೇಜಿನ ಮೇಲಿದ್ದ ಡಿಸ್ಕಿಗೆ ಕೈ ಅಡ್ಡ ಹಿಡಿದಳು. ಹಳೆಯ ಡಿಸ್ಕಿನಲ್ಲಿ ಹೆಂಗಸರೆಲ್ಲ ಹಾಗೇ ಇದ್ದಾರಲ್ಲ. ಇಷ್ಟು ದಿನ ಶಾಲು ಹೊದೆಸಿ ಕಾದದ್ದನ್ನು ಈಗ ಪೊಟ್ಟಣ ಕಟ್ಟಿ ಯಾವುದೋ ಊರಿನ ಯಾವುದೋ ಗಂಡಸರ ಮೇಜಿನ ಮೇಲೆ ಇಡುವುದಾ? ವಾರಂಟಿಯೇ ಬೇಡ, ಹಳೆಯದನ್ನು ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದಳು. ಆದರೆ ಹೊಸ ಡಿಸ್ಕು ಇಲ್ಲದಿದ್ದರೆ ಆಲ್ಬಮ್ಮು ಇಲ್ಲ, ಮದುಮಗ ಗಲ್ಫಿಗೆ ಹೊರಡುವ ದಿನ ಹತ್ತಿರ ಬಂದಿದೆ.

"ಅದನ್ನು ಅಳಿಸ್ಲಿಕ್ಕೆ ಆಗುವುದಿಲ್ವಾ ವಿಠಲ?" ಎಂದು ಕೇಳಿದೆ.

ಅವನು ಕೆಮ್ಮಿದ. "ಆಗ್ತದೆ ಅಮ್ಮ. ಆದ್ರೆ ಇದ್ರಲ್ಲಿ ಹಾಳಾದ ಜಾಗ ತುಂಬ ಉಂಟು. ಒಂದೊಂದು ಕಡೆಯೂ ನಿಂತು ಎಂತ ಮಾಡ್ಬೇಕು ಅಂತ ಕೇಳ್ತದೆ. ಕೇಳಿದಾಗೆಲ್ಲ ಇಗ್ನೋರ್, ಅಂದ್ರೆ ಮುಂದೆ ಹೋಗು ಅಂತ ‘ಐ’ ಒತ್ಬೇಕು. ಬಿಟ್ರೆ ಅಲ್ಲೇ ನಿಲ್ತದೆ. ಇಡೀ ದಿನ ಒತ್ತುವವರು ಯಾರು?"

ಪ್ರಭುಗಳು ತಮ್ಮ ಜನರನ್ನು ಅದಕ್ಕೆ ಕೂರಿಸಲು ಆಗುವುದಿಲ್ಲ ಎಂದರು. ಅವರದೂ ತಪ್ಪಲ್ಲ, ಮೂಡುಬಿದಿರೆಯ ಕಾಲೇಜು ಮಕ್ಕಳ ಲ್ಯಾಪ್‌ಟಾಪುಗಳು ಅಲ್ಲಿ ರಾಶಿ ಬಿದ್ದಿದ್ದವು. ಒತ್ತುವವರನ್ನು ನಾನು ತರುತ್ತೇನೆ ಎಂದೆ. ಎಲ್ಲಿಂದ ತರುತ್ತೇನೆಂದು ನನಗೂ ಗೊತ್ತಿರಲಿಲ್ಲ. ಮನೆಗೆ ಬಂದು ಐಸಮ್ಮನಿಗೆ ಫೋನ್ ಮಾಡಿದೆ. ಮುಚ್ಚಿಡದೆ ಎಲ್ಲ ಹೇಳಿದೆ. ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದೆ.

ಆ ಕಡೆಯಲ್ಲಿ ಐಸಮ್ಮ ಎಲೆಯಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡರು. "ಖತೀಜಾ, ಒತ್ತುವುದು ಅಂದ್ರೆ ಹೇಗೆ? ಪತ್ತಿರಿ ಒತ್ತಿದ ಹಾಗಾ?" ಎಂದು ಕೇಳಿದರು.

ಅದಕ್ಕಿಂತ ಸುಲಭ ಎಂದೆ. ಪತ್ತಿರಿ ಎಂದರೆ ನಮ್ಮ ಅಕ್ಕಿರೊಟ್ಟಿ. ಮದುವೆಮನೆಯಲ್ಲಿ ರಾಶಿ ಪತ್ತಿರಿ ಆಗಬೇಕಾದರೆ ಹೆಂಗಸರು ಸಾಲಾಗಿ ಕೂರುತ್ತೇವೆ. ಒಬ್ಬಳು ಉಂಡೆ ಕಟ್ಟಿದರೆ ಒಬ್ಬಳು ಒತ್ತುತ್ತಾಳೆ, ಕೈ ನೋವಾದವಳು ಎದ್ದರೆ ಪಕ್ಕದವಳು ಆ ಜಾಗಕ್ಕೆ ಜಾರುತ್ತಾಳೆ, ಬಾಯಿ ಯಾರದ್ದೂ ನಿಲ್ಲುವುದಿಲ್ಲ. ಅದಕ್ಕಾದರೆ ಜನ ಇದ್ದಾರೆ ಎಂದು ಐಸಮ್ಮ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ನಾನೂ ಜೊಹರಾಳೂ ಸರ್ವಿಸ್ ಸೆಂಟರಿನ ಮೆಟ್ಟಿಲಲ್ಲಿ ನಿಂತಿದ್ದಾಗ ವೇಣೂರು ದಾರಿಯ ಬಸ್ಸು ಬಂದು ನಿಂತಿತು. ಮೊದಲು ಒಂದು ಕೋಲು ಇಳಿಯಿತು, ಆಮೇಲೆ ಐಸಮ್ಮ, ಅವರ ಹಿಂದೆ ಸೊಸೆಯಂದಿರು, ಮದುಮಗಳ ಉಮ್ಮ, ಚಿಕ್ಕಮ್ಮಂದಿರು, ಕೊನೆಗೆ ಮದುಮಗಳೇ. ಬಸ್ಸು ಖಾಲಿಯಾಯಿತೋ ಎಂಬಷ್ಟು ಜನ. ಆ ಮದುವೆಯ ಪಟಗಳಲ್ಲಿ ಯಾರ ಯಾರ ಮುಖ ಇತ್ತೋ ಅವರೆಲ್ಲ. ಕಪ್ಪು ಬುರ್ಖಾಗಳ ಸಾಲು ಗಾಜಿನ ಬಾಗಿಲು ತೆರೆದು ಒಳಗೆ ನಡೆಯುವಾಗ ಪ್ರಭುಗಳು ಎದ್ದು ನಿಂತರು. ಇಷ್ಟು ಜನಕ್ಕೂ ಲ್ಯಾಪ್‌ಟಾಪ್ ಕೆಟ್ಟಿದೆಯಾ ಎಂದು ಕೇಳಿದರು, ಪಾಪ, ನಿಜವಾಗಿಯೇ.

ವಿಠಲ ಯಂತ್ರ ಶುರು ಮಾಡಿಟ್ಟು, ಗುಂಡಿ ತೋರಿಸಿ, ತಾನಾಗಿಯೇ ಹೊರಗೆ ಹೋಗಿ ಹಸಿರು ಪರದೆ ಎಳೆದುಕೊಂಡ. ಪರದೆಯ ಒಳಗೆ ಹೆಂಗಸರು, ಹೊರಗೆ ಗಂಡಸರು. ಲೋಕ ಮತ್ತೆ ಸರಿಯಾಯಿತು. ಮೊದಲು ಒತ್ತಿದವರು ಐಸಮ್ಮ. ಬಿಸ್ಮಿಲ್ಲಾ ಎಂದು ತೋರುಬೆರಳಿನಿಂದ ಗುಂಡಿಯನ್ನು ಕಡಲೆ ಒಡೆಯುವ ಹಾಗೆ ಕುಟ್ಟಿದರು. ಮೆಲ್ಲಗೆ, ಅದಕ್ಕೆ ವಾರಂಟಿ ಮುಗಿದೀತು ಎಂದೆ. ಎರಡನೆಯವಳು ಒತ್ತಿದಳು, ಮೂರನೆಯವಳು ಒತ್ತಿದಳು. ಒಬ್ಬಳು ಕೂತು ಒತ್ತುವಾಗ ಉಳಿದವರು ಸ್ಕ್ರೂಡ್ರೈವರುಗಳ ನಡುವೆ ಜಾಗ ಮಾಡಿ ಬುತ್ತಿ ಬಿಚ್ಚಿದರು. ಮದುಮಗಳ ಚಿಕ್ಕಮ್ಮ ಒಬ್ಬಳು, ತನ್ನ ನಾದಿನಿಯ ಸರದಿ ಬಂದಾಗ, ಅವಳಿಗೆ ಕೊಡಬೇಡಿ, ಅವಳ ಪತ್ತಿರಿ ಯಾವತ್ತೂ ದಪ್ಪ ಎಂದಳು. ನಾದಿನಿ ಅವಳನ್ನು ಕುರ್ಚಿಯಿಂದ ಸೊಂಟದಲ್ಲೇ ದೂಡಿದಳು. ನಾನು ಟೈಪ್ ಮಾಡಿದ ಮೊದಲ ಅಕ್ಷರ ಅದೇ ‘ಐ’. ಎಷ್ಟು ಸಲ ಮಾಡಿದೆನೆಂದು ಕೇಳಬೇಡಿ. ಪ್ರಭುಗಳು ನಡುನಡುವೆ ಪರದೆಯ ಹೊರಗಿನಿಂದ ಚಹಾ ಕಳಿಸಿದರು. ಕೈ ಮಾತ್ರ ಒಳಗೆ ಬರುತ್ತಿತ್ತು, ಲೋಟ ಕೊಟ್ಟು ಹಿಂದೆ ಹೋಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಯಂತ್ರ ಕೇಳುವುದನ್ನು ನಿಲ್ಲಿಸಿತು. ನಾನು ಅಕ್ಷರ ಹೆಕ್ಕಿ ಹೊರಗೆ ಕೊಟ್ಟೆ. ಮುಗಿಯಿತು ಅಮ್ಮ, ಅದರಲ್ಲಿ ಇನ್ನು ಏನೂ ಇಲ್ಲ ಎಂದ ವಿಠಲ ಪರದೆಯ ಆಚೆಯಿಂದ. ಹಳೆಯ ಡಿಸ್ಕನ್ನು ಐಸಮ್ಮ ಅಂಗೈಯಲ್ಲಿಟ್ಟು ತೂಗಿ ನೋಡಿದರು. ನಮ್ಮ ಇಡೀ ಮದುವೆ ಹೋದರೂ ಇದರ ತೂಕ ಇಳಿಯಲಿಲ್ಲವಲ್ಲ ಎಂದು, ಪರದೆಯ ಸಂದಿಯಿಂದ ಪ್ರಭುಗಳ ಕೈಗೆ ಕೊಟ್ಟರು. ಜೊಹರಾ ಎಷ್ಟೋ ದಿನಗಳ ಮೇಲೆ ಮೊದಲ ಸಲ ಕುರ್ಚಿಗೆ ಒರಗಿ ಕೂತಳು.

"ಇನ್ನು ನನ್ನದು ತೋರಿಸು" ಎಂದರು ಐಸಮ್ಮ.

ಜೊಹರಾ ಹೊಸ ಡಿಸ್ಕಿನಲ್ಲಿ ಆ ವಿಡಿಯೋ ಹುಡುಕಿ ಒತ್ತಿದಳು. ತೆರೆಯಲಿಲ್ಲ. ಮತ್ತೆ ಒತ್ತಿದಳು. ಪಟಗಳನ್ನೆಲ್ಲ ನಿನ್ನೆ ನೋಡಿದ್ದಳು, ಇದೊಂದನ್ನು ನೋಡಿರಲಿಲ್ಲ. ಅದು ಹಳೆಯ ಡಿಸ್ಕಿನ ಹಾಳಾದ ಜಾಗದಲ್ಲೇ ಇತ್ತೆಂದು ಕಾಣುತ್ತದೆ, ಹೆಸರು ಮಾತ್ರ ಬಂದು ಜೀವ ಬರಲಿಲ್ಲ. ಕ್ಯಾಮೆರಾದಲ್ಲಿದ್ದದ್ದನ್ನು ಅವಳು ಮೊದಲೇ ಅಳಿಸಿದ್ದಳು, ಹಳೆಯ ಡಿಸ್ಕನ್ನಂತೂ ನಾವೇ ನಮ್ಮ ಕೈಯಾರೆ ಉಜ್ಜಿ ತೊಳೆದಿದ್ದೆವು. ಬುತ್ತಿಯ ಡಬ್ಬಿ ಮುಚ್ಚುತ್ತಿದ್ದವರ ಕೈ ನಿಂತಿತು. ಜೊಹರಾಳ ಕಣ್ಣಲ್ಲಿ ನೀರು ಬಂತು. ಐಸಮ್ಮ ಸ್ಕ್ರೀನನ್ನು ನೋಡಿದರು, ಅವಳನ್ನು ನೋಡಿದರು.

"ಇದಕ್ಕೆ ಅಳುವುದು ಎಂತಕ್ಕೆ? ಅದು ಹೋದ್ರೆ ಹೋಯ್ತು, ನಾನು ಇದ್ದೇನಲ್ಲ. ಕ್ಯಾಮೆರಾ ಬ್ಯಾಗಿನಲ್ಲಿ ಉಂಟಾ?"

ಇತ್ತು. ಮದುಮಗಳು ಎದ್ದು ಹಸಿರು ಪರದೆಯ ಎರಡು ಅಂಚನ್ನೂ ಪಿನ್ನು ಹಾಕಿ ಗೋಡೆಗೆ ಸಿಕ್ಕಿಸಿದಳು. ಹೊರಗಿನವರಿಗೆ ಸ್ವಲ್ಪ ಹೊತ್ತು ಅಂಗಡಿಯಿಂದ ಹೊರಗೇ ನಿಲ್ಲಿ ಎಂದು ನಾನು ಕೂಗಿ ಹೇಳಿದೆ. ಗಾಜಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಐಸಮ್ಮ ಬುರ್ಖಾ ತೆಗೆದು, ಬಿಚ್ಚಿಟ್ಟ ಕಂಪ್ಯೂಟರೊಂದರ ಮೇಲೆ ಹಾಸಿ, ಕೋಲನ್ನು ಮೇಜಿಗೆ ಒರಗಿಸಿ, ನನ್ನ ಕೈ ಹಿಡಿದು ಎಳೆದರು. ಸೊಸೆಯಂದಿರು ಹಾಡು ಎತ್ತಿದರು. ಜಾಗ ಸಾಲದೆ ನಾವು ವೈರು ದಾಟಿ, ಸ್ಟೂಲು ದಾಟಿ, ಯಾರದೋ ಪ್ರಿಂಟರನ್ನು ಸುತ್ತಿ ಬಂದೆವು.

ಮೊದಲ ಸಲ ಜೊಹರಾ ನಕ್ಕು ಕ್ಯಾಮೆರಾ ಅಲ್ಲಾಡಿತು. ಎರಡನೇ ಸಲ ನನ್ನ ಕಾಲು ವೈರಿಗೆ ಸಿಕ್ಕಿ ಲೈಟೇ ಹೋಯಿತು. ಮೂರನೇ ಸಲ ಸರಿ ಬಂತು. ಆ ಸಣ್ಣ ಕ್ಯಾಮೆರಾದ ಬೆನ್ನಿನಲ್ಲಿ ಐಸಮ್ಮ ತಮ್ಮನ್ನು ತಾವು ನೋಡಿದರು. ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ಇಷ್ಟು ಚಂದ ಕುಣಿಯುತ್ತೇನೆಂದು ಯಾರೂ ಹೇಳಲೇ ಇಲ್ಲವಲ್ಲ ಎಂದರು.

ಅಷ್ಟರಲ್ಲಿ ಬಾಗಿಲು ಸ್ವಲ್ಪವೇ ತೆರೆದು ವಿಠಲ ಕೆಮ್ಮಿದ್ದು ಕೇಳಿಸಿತು. "ಅಮ್ಮ, ಕೊರಿಯರಿನವನು ಬಂದಿದ್ದಾನೆ. ಡಿಸ್ಕಿನ ಕಾಗದಕ್ಕೆ ನಿಮ್ಮ ಸೈನ್ ಬೇಕಂತೆ. ಒಳಗೆ ಆಯ್ತಾ?"

ನಾನು ಶಾಲು ಹುಡುಕುತ್ತಿದ್ದೆ. ಐಸಮ್ಮ ಕ್ಯಾಮೆರಾವನ್ನು ಜೊಹರಾಳ ಕೈಗೆ ವಾಪಸು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಸಲ ಎಂದರು.

ಅವನು ಕಾಯಲಿ ಎಂದೆ.